ಬಸ್ಸು ಬಂತೇನ್ರಿ?

ಬನಹಟ್ಟಿಯ ಶಿವಯೋಗೆಪ್ಪನನ್ನು ಓಣಿಯವರು ಯಾರೂ ಮಾತುಗಾರ ಅನ್ನುವುದಿಲ್ಲ. ಅವರ ಲೆಕ್ಕದಲ್ಲಿ ಅವನು ಗರ್ವದ ಮನುಷ್ಯ. ಕರೆದರೆ ತಿರುಗಿ ನೋಡುವುದಿಲ್ಲ, ನೋಡಿದರೆ ನಿಲ್ಲುವುದಿಲ್ಲ, ನಿಂತರೆ ಹೂಂ, ಉಹೂಂ ಎರಡರಲ್ಲೇ ಮುಗಿಸಿ ಹೊರಡುತ್ತಾನೆ. ಅವನು ಚಹಾದಂಗಡಿಯ ಬಾಕಿನ ಮೇಲೆ ಕೂತು ಹರಟೆ ಹೊಡೆದದ್ದನ್ನು ಹತ್ತು ವರ್ಷದಲ್ಲಿ ಕಂಡವರಿಲ್ಲ. ಆದರೆ ಇದೇ ಶಿವಯೋಗೆಪ್ಪನ ಒಂದು ಮಾತಿಗೆ ಬೀಳಗಿಯಲ್ಲಿ ಒಬ್ಬ ಶಿಕ್ಷಕಿ ಸಾಲೆಯ ಪಡಸಾಲೆಯಲ್ಲಿ ನಿಂತು ಒಬ್ಬಳೇ ನಗುತ್ತಾಳೆ. ಬಾಡಗಂಡಿಯಲ್ಲಿ ಒಬ್ಬ ರೈತ ಕಬ್ಬಿಗೆ ನೀರು ಬಿಟ್ಟದ್ದನ್ನು ಮರೆತು ಬದುವಿನ ಮೇಲೆ ಕೂತು ನಗುತ್ತಾನೆ. ಓಣಿಯವರಿಗೆ ಇದನ್ನು ಹೇಳಿದರೆ ಸುಳ್ಳು ಅಂದಾರು. ಅನ್ನಲಿ ಬಿಡಿ.

ಕಾರಣ ಏನೂ ಗೂಢವಾದದ್ದಲ್ಲ. ಶಿವಯೋಗೆಪ್ಪನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದಲ್ಲ. ಹದಿನಾರನೆಯ ವಯಸ್ಸಿಗೆ ಪವರ್‌ಲೂಮ್ ಶೆಡ್ಡು ಹೊಕ್ಕವನು ಐವತ್ತಾರಾದರೂ ಅದರಿಂದ ಹೊರಬಿದ್ದಿಲ್ಲ. ಅವನ ಅಪ್ಪ ಮನೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕೈಮಗ್ಗದಲ್ಲಿ, ಸೀರೆ ನೇಯುತ್ತಿದ್ದ; ಆ ಮಗ್ಗದ ಸದ್ದಿಗೆ ತೊಟ್ಟಿಲ ಕೂಸು ನಿದ್ದೆ ಹೋಗುತ್ತಿತ್ತು. ಶೆಡ್ಡಿನ ಸದ್ದು ಹಾಗಲ್ಲ. ತಗಡಿನ ಮಾಡಿನ ಕೆಳಗೆ ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದವನು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ಕೇಳದ ಮೇಲೆ ಕೂಗಿ ಏನು ಉಪಯೋಗ ಅಂತ ಅಲ್ಲಿ ಯಾರೂ ಕೂಗುವುದೂ ಇಲ್ಲ. ಮಗ್ಗದವರು ದನಿ ಬಿಡದೆ ಬರೀ ತುಟಿಯಲ್ಲಿ ಮಾತಾಡುತ್ತಾರೆ. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರೆ ಎಳೆ ಹರಿದಿದೆ, ಹೆಬ್ಬೆರಳು ಬಾಯಿಗೆ ತಂದರೆ ಚಹಾ ಬಂದಿದೆ, ಮೂಗು ಮುಟ್ಟಿಕೊಂಡರೆ ಸಾವುಕಾರ ಬಂದಿದ್ದಾನೆ. ಮಿಕ್ಕಿದ್ದನ್ನು ತುಟಿ ನೋಡಿ ತಿಳಿಯಬೇಕು. ನಾಲ್ಕು ಮಗ್ಗದ ಆಚೆ ನಿಂತವನ ಮನೆಯ ಜಗಳವನ್ನು ಶಿವಯೋಗೆಪ್ಪ ಹೀಗೇ ನಿಂತಲ್ಲಿ ನಿಂತು ಪೂರ್ತಿ ತಿಳಿದುಕೊಳ್ಳಬಲ್ಲ.

ತುಟಿ ಓದುವುದು ಅಷ್ಟು ಚೆನ್ನಾಗಿ ಬರುತ್ತಿದ್ದದ್ದರಿಂದಲೇ ಕಿವಿ ಹೋದದ್ದು ಅವನಿಗೆ ಬಹಳ ವರ್ಷ ಗೊತ್ತಾಗಲಿಲ್ಲ. ಗೊತ್ತಾದದ್ದು ಹೆಂಡತಿ ರತ್ನಾಬಾಯಿಗೆ. ಎದುರು ನಿಂತು ಹೇಳಿದ್ದಕ್ಕೆಲ್ಲ ಉತ್ತರ ಕೊಡುವ ಗಂಡ, ಬೆನ್ನ ಹಿಂದೆ ನಿಂತು ಏನು ಹೇಳಿದರೂ ಸುಮ್ಮನಿರುತ್ತಿದ್ದ. ಮೊದಮೊದಲು ಅವಳು ಅದನ್ನು ಸಿಟ್ಟು ಅಂದುಕೊಂಡಳು. ಒಂದು ದಿನ ಅವನ ಹಿಂದೆ ಹಿತ್ತಾಳೆಯ ಕೊಡ ಕೈಜಾರಿ ಬಿತ್ತು. ಅವನು ತಿರುಗಿಯೂ ನೋಡದೆ ತಾಟಿನ ರೊಟ್ಟಿ ತಿನ್ನುತ್ತ ಕೂತೇ ಇದ್ದ. ಅವಳು ಕೊಡ ಎತ್ತಿಡುವುದನ್ನೂ ಬಿಟ್ಟು ಹಾಗೇ ನಿಂತುಬಿಟ್ಟಳು.

ಆಮೇಲೆ ಹುಬ್ಬಳ್ಳಿಗೆ ಹೋದರು. ಡಾಕ್ಟರು ಕಿವಿಗೆ ಏನೋ ಸಿಕ್ಕಿಸಿ, ಕಾಗದದ ಮೇಲೆ ಇಳಿಜಾರಾಗಿ ಒಂದು ಗೆರೆ ಎಳೆದು ತೋರಿಸಿ, ಹೋದದ್ದು ತಿರುಗಿ ಬರುವುದಿಲ್ಲ, ಮಶೀನು ಹಾಕಿಕೊಳ್ಳಿ ಅಂದರು. ಮಶೀನು ತಂದದ್ದಾಯಿತು. ಅದನ್ನು ಹಾಕಿಕೊಂಡು ಶೆಡ್ಡಿಗೆ ಹೋದರೆ ಇಪ್ಪತ್ನಾಲ್ಕು ಮಗ್ಗ ತಲೆಯೊಳಗೇ ಓಡಿದ ಹಾಗಾಯಿತು. ಅವನು ಅದನ್ನು ಡಬ್ಬಿಯಲ್ಲಿ ಹಾಕಿ ಟ್ರಂಕಿನ ತಳಕ್ಕೆ ಇಟ್ಟ. ಅದು ಈಗಲೂ ಅಲ್ಲೇ ಇದೆ.

ಕಥೆ ಶುರುವಾಗುವುದು ಆ ಹುಬ್ಬಳ್ಳಿಯಿಂದ ತಿರುಗಿ ಬರುವ ದಾರಿಯಲ್ಲಿ. ಬೇಸಿಗೆಯ ಮಧ್ಯಾಹ್ನ, ಜಮಖಂಡಿಗೆ ಹೊರಟ ಬಸ್ಸು ಲೋಕಾಪುರ ದಾಟಿ ಸ್ವಲ್ಪ ದೂರದಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುತ್ತದೆ ಅಂತ ಕಂಡಕ್ಟರು ಹೇಳಿ ಮೂರು ತಾಸಾದರೂ ಬರಲಿಲ್ಲ. ಇದ್ದದ್ದು ಒಂದೇ ಬೇವಿನ ಮರ. ಮೂವತ್ತು ಜನ ಅದರ ನೆರಳಿನ ಜೊತೆ ಸರಿದಾಡಿದರು. ಬುತ್ತಿ ಬಿಚ್ಚಿದರು, ಒಬ್ಬರ ಶೇಂಗಾ ಹಿಂಡಿ ಇನ್ನೊಬ್ಬರ ರೊಟ್ಟಿಗೆ ಹೋಯಿತು. ಬಾಡಗಂಡಿಯ ಹಾಲಸಿದ್ದಪ್ಪ ಅನ್ನುವವನು, ಕಿವಿಯಿಂದ ಕಿವಿಗೆ ಮೀಸೆ ಬಿಟ್ಟವನು, ಎಲ್ಲರ ನಂಬರು ಕೇಳಿ ತೆಗೆದುಕೊಂಡು ಒಂದು ವಾಟ್ಸಾಪ್ ಗುಂಪು ಮಾಡಿಸಿದ. ಮುಂದೆ ಹೋಗಿ ನಿಂತವರು ಹಿಂದಿನವರಿಗೆ ಬಸ್ಸಿನ ಸುದ್ದಿ ತಿಳಿಸಲಿ ಅಂತ. ಗುಂಪಿನ ಹೆಸರು 'ಕೆಟ್ಟ ಬಸ್ಸು'. ಶಿವಯೋಗೆಪ್ಪ ಮರದಿಂದ ದೂರ, ಬಸ್ಸಿನ ಮಗ್ಗುಲಲ್ಲೇ ಡಾಕ್ಟರ ಕಾಗದ ಹಿಡಿದು ಕೂತಿದ್ದ. ಅವನ ನಂಬರು ಕೊಟ್ಟವಳು ರತ್ನಾಬಾಯಿ. ಅವಳಿಗೆ ಸ್ವಂತ ಫೋನು ಇರಲಿಲ್ಲ.

ಬಸ್ಸು ಕಡೆಗೂ ಬಂತು, ಎಲ್ಲರೂ ಅವರವರ ಊರು ಸೇರಿದರು. ಅಲ್ಲಿಗೆ ಗುಂಪು ಮುಗಿಯಬೇಕಿತ್ತು. ಮರುದಿನ ಮುಂಜಾನೆ ಹಾಲಸಿದ್ದಪ್ಪ ತಮಾಷೆಗೆ ಗುಂಪಿಗೆ ಒಂದು ದನಿ ರೆಕಾರ್ಡು ಮಾಡಿ ಕಳಿಸಿದ. "ಬಸ್ಸು ಬಂತೇನ್ರಿ?" ಯಾರೋ "ಇನ್ನೂ ಇಲ್ರಿ" ಅಂತ ಉತ್ತರ ಕೊಟ್ಟರು. ಅದರ ಮರುದಿನವೂ ಅದೇ. ಆರು ವರ್ಷ ಒಂದು ದಿನ ತಪ್ಪದೆ ಅದೇ ನಡೆಯಿತು. ಹನ್ನೆರಡು ಜನ ಬೇಸತ್ತು ಬಿಟ್ಟುಹೋದರು. ಉಳಿದವರಲ್ಲಿ ಮಾತಾಡುವವರು ಐದಾರು ಜನ, ಮಿಕ್ಕವರು ಜಗಲಿಯ ಮೇಲೆ ಕೂತು ಕೇಳುವವರ ಜಾತಿ.

ಹಾಲಸಿದ್ದಪ್ಪನಿಗೆ ಟೈಪು ಮಾಡಲು ಬರುವುದಿಲ್ಲ, ಬಂದರೂ ಮಾಡುವ ಪೈಕಿಯಲ್ಲ. ಅವನದೆಲ್ಲ ದನಿ. ಕಬ್ಬಿನಲ್ಲಿ ಹಂದಿ ಹೊಕ್ಕದ್ದು, ಹೆಂಡತಿ ತನ್ನನ್ನು ಬಿಟ್ಟು ತವರಿಗೆ ಹೋಗಿ ಹೋಳಿಗೆ ತಿಂದದ್ದು, ಬೀರೇಶ್ವರನ ಗುಡಿಯ ಮುಂದೆ ಡೊಳ್ಳು ಬಾರಿಸಲು ಹೋಗಿ ಸೊಂಟ ಹಿಡಿದುಕೊಂಡದ್ದು, ಎಲ್ಲವನ್ನೂ ಮೂರು ಮೂರು ನಿಮಿಷ ಹೇಳುತ್ತಾನೆ. ಬೀಳಗಿಯ ಗಂಗಾಂಬಿಕಾ ಟೀಚರು ಅದಕ್ಕೆ ತಪ್ಪದೆ ಒಂದು ಬುದ್ಧಿಮಾತು ಸೇರಿಸುತ್ತಾರೆ. ಅವರನ್ನು ಎಲ್ಲರೂ ಅಕ್ಕೋರು ಅನ್ನುತ್ತಾರೆ. ಮುಧೋಳದ ಸಂಜು ಮೂವತ್ತರ ಹುಡುಗ, ಬ್ಯಾಟರಿ ಅಂಗಡಿ ಇಟ್ಟವನು. ಅವನದು ಒಂದೇ ಹುಚ್ಚು, ಮನೆಯ ಬೇಟೆನಾಯಿ ರಾಣಿ. ದಿನಕ್ಕೊಂದು ಫೋಟೊ: ರಾಣಿ ನಿಂತದ್ದು, ರಾಣಿ ಕೂತದ್ದು, ರಾಣಿ ಸುಮ್ಮನೆ ಇದ್ದದ್ದು.

ಇವರೆಲ್ಲರ ನಡುವೆ ಶಿವಯೋಗೆಪ್ಪ ಹೇಗೆ ರಾಜನಾದ ಅನ್ನುವುದು ಅವನಿಗೂ ಸರಿಯಾಗಿ ತಿಳಿಯದು. ಮೊದಲ ಸಲ ಅವನು ಬರೆದದ್ದು ರಾಣಿಯ ಫೋಟೊ ನೋಡಿ. "ಸಂಜು, ಮೊದಲ ಅದಕ್ಕ ಊಟಾ ಹಾಕಪಾ. ಫೋಟೊ ಆಮ್ಯಾಲ ತಗಿಯುವಂತಿ."

"ಕಾಕಾ, ಮುಧೋಳ ನಾಯಿ ಇರೂದ ಹಿಂಗ. ಸಪೂರ ಇರಬೇಕು," ಅಂತ ಸಂಜು ಬರೆದ.

"ಹಂಗಾರ ನಮ್ಮ ಮನ್ಯಾಗ ನಾನೂ ಒಂದು ಅದೇನಿ. ಫೋಟೊ ಕಳಸ್ಲೇನು?"

ಗುಂಪು ಅಂದು ಬಿದ್ದು ಬಿದ್ದು ನಕ್ಕಿತು. ಶಿವಯೋಗೆಪ್ಪ ನಗುವ ಆ ಹಳದಿ ಮುಖಗಳನ್ನು ಒಂದೊಂದಾಗಿ ಎಣಿಸಿದ. ಹದಿನೇಳು. ತನ್ನ ಮಾತಿಗೆ ಅಷ್ಟು ಜನ ನಕ್ಕು ಎಷ್ಟು ಕಾಲವಾಗಿತ್ತೋ ಅವನಿಗೆ ನೆನಪಿರಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು. ರತ್ನಾಬಾಯಿಗೂ ತೋರಿಸಿದ.

ಹಾಲಸಿದ್ದಪ್ಪನ ದನಿಯದೊಂದು ತೊಡಕಿತ್ತು. ಅದನ್ನು ರತ್ನಾಬಾಯಿ ಬಗೆಹರಿಸಿದಳು. ಮುಂಜಾನೆ ಶೆಡ್ಡಿಗೆ ಹೋಗುವ ಮುನ್ನ, ಮಧ್ಯಾಹ್ನ ಅವಳು ಬುತ್ತಿ ತಂದಾಗ, ಸಂಜೆ ಮನೆಗೆ ಬಂದ ಮೇಲೆ, ಹೀಗೆ ದಿನಕ್ಕೆ ಮೂರು ಸಲ ಫೋನು ಅವಳ ಕಿವಿಗೆ ಹೋಗುತ್ತಿತ್ತು. ಮಧ್ಯಾಹ್ನದ್ದನ್ನು ಕೇಳಲು ಅವಳು ಶೆಡ್ಡಿನ ಹೊರಗೆ ಹೋಗಿ ಬರಬೇಕು. ಅವಳು ಪೂರ್ತಿ ಕೇಳಿ, ತನ್ನ ಪಾಲಿನ ನಗು ನಕ್ಕು ಮುಗಿಸಿ, ಆಮೇಲೆ ಗಂಡನ ಎದುರು ಕೂತು ತುಟಿಯಲ್ಲಿ ಹೇಳುವಳು. ಆಮೇಲೆ ಇವನು ನಗುವನು, ಆಮೇಲೆ ಉತ್ತರ ಬರೆಯುವನು. ಹಾಗಾಗಿ ಅವನ ಉತ್ತರ ಯಾವಾಗಲೂ ತಡ. ಗುಂಪಿನಲ್ಲಿ ಅದೂ ಒಂದು ಮಾತಾಯಿತು. "ಬನಹಟ್ಟಿ ಉತ್ತರಾ ತಡಾ ಆದ್ರೂ ಖಡಕ್" ಅಂತ ಹಾಲಸಿದ್ದಪ್ಪ ಹೇಳುವನು.

ಲಾಕ್‌ಡೌನಿನಲ್ಲಿ ಊರಿನ ಮಗ್ಗಗಳೆಲ್ಲ ನಿಂತವು. ಬನಹಟ್ಟಿ ಎಷ್ಟು ಶಾಂತ ಆತಲ್ರೀ, ಗುಬ್ಬಿ ದನಿ ಕೇಳಾಕತ್ತಾವು ಅಂತ ಓಣಿಯವರು ಮಾತಾಡಿಕೊಂಡರು. ಶಿವಯೋಗೆಪ್ಪ ಅಂಗಳದಲ್ಲಿ ನಿಂತು ನೋಡಿದ. ಗುಬ್ಬಿಗಳು ಇದ್ದವು, ಅವುಗಳ ಕೊಕ್ಕು ಅಲುಗುತ್ತಿತ್ತು. ಅವನಿಗೆ ತಿಳಿದ ವ್ಯತ್ಯಾಸ ಒಂದೇ, ಕಾಲ ಕೆಳಗಿನ ನೆಲ ನಡುಗುತ್ತಿರಲಿಲ್ಲ. ಡಾಕ್ಟರು ಕಾಗದದಲ್ಲಿ ತೋರಿಸಿದ್ದನ್ನು ಅವನು ಒಪ್ಪಿಕೊಂಡದ್ದು ಆ ದಿನ. ಅಂದು ಗುಂಪಿನಲ್ಲಿ ಅವನು ಇಡೀ ದಿನ ಬರೆದ, ಎಲ್ಲರ ಕಾಲೆಳೆದ. ಅಲ್ಲಿ ಅವನು ಕಿವುಡನಲ್ಲ. ಅವನಿಗೆ ಕಿವಿ ಕೇಳುವುದಿಲ್ಲವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದೂ ಅವನಿಗೆ ಬೇಕಿರಲಿಲ್ಲ.

ಹೀಗಿರುವಾಗ ಕಳೆದ ಶ್ರಾವಣದಲ್ಲಿ ಹಾಲಸಿದ್ದಪ್ಪ ಒಂದು ದನಿ ಕಳಿಸಿದ. ರತ್ನಾಬಾಯಿ ಅದನ್ನು ಎರಡು ಸಲ ಕೇಳಿದಳು. ಮುಖ ಅರಳಿತ್ತು.

"ಎಲ್ಲಾರೂ ಕೂಡೂಣು ಅಂತಾರ್ರೀ. ಮುಂದಿನ ಐತವಾರ ಚಿಕ್ಕಪಡಸಲಗಿ ಬಾಂದಾರಕ್ಕ. ಹೊಳಿ ತುಂಬಿ ಮ್ಯಾಲ ಹರಿಯಾಕತ್ತೈತಂತ. ಜಮಖಂಡಿ ಸ್ಟ್ಯಾಂಡಿನ್ಯಾಗ ಕೂಡಿ ಹೋಗೂದಂತ."

"ನಾ ಬರಾಂಗಿಲ್ಲ."

"ಯಾಕ?"

"ನಿನಗ ಗೊತ್ತಿಲ್ಲೇನು ಯಾಕಂತ? ನನ್ನ ನೋಡಿದ್ರ ಪಾಪ ಅಂತಾರ. ಆಮ್ಯಾಲ ಗ್ರೂಪಿನ್ಯಾಗೂ ಪಾಪ ಅಂತಾರ. ನನಗ ಬ್ಯಾಡ ಅದು."

ರತ್ನಾಬಾಯಿ ಹಿಟ್ಟಿನ ಕೈ ತೊಳೆದು ಬಂದು ಎದುರು ಕೂತಳು. "ಆರು ವರ್ಷ ಅವ್ರ ಮಾತ ಕೇಳಿದಾಕಿ ನಾನ್ರೀ. ಇನ್ನೊಮ್ಮೆ ಮಾರಿ ನೋಡಬಾರದೇನು ನಾನು?"

ಇದಕ್ಕೆ ಶಿವಯೋಗೆಪ್ಪನಿಗೆ ಉತ್ತರ ತಡವಾಗಿಯೂ ಹೊಳೆಯಲಿಲ್ಲ. ಐತವಾರ ಇಬ್ಬರೂ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಪಂಚಮಿಯ ಸಿಹಿ ಉಂಡಿ ಡಬ್ಬಿಗೆ ಹಾಕಿಕೊಂಡು ಜಮಖಂಡಿ ಬಸ್ಸು ಹತ್ತಿದರು.

ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಹನ್ನೊಂದು ಜನ ಸೇರಿದ್ದರು. ಸಂಜು ದೂರದಿಂದಲೇ ಶಿವಯೋಗೆಪ್ಪನ ಗುರುತು ಹಿಡಿದ. ಅಷ್ಟು ಸಪೂರ ಇನ್ನಾರೂ ಇರಲಿಲ್ಲ. ಗಂಗಾಂಬಿಕಾ ಕೈ ಮುಗಿದರು. ಹಾಲಸಿದ್ದಪ್ಪ ದಾಪುಗಾಲು ಹಾಕಿ ಬಂದು ಶಿವಯೋಗೆಪ್ಪನ ಎರಡೂ ಭುಜ ಹಿಡಿದು ಅಲುಗಾಡಿಸಿ ಏನೋ ಕೇಳಿದ. ಆರು ವರ್ಷದ ಗೆಳೆಯ, ಒಂದು ಗೇಣು ದೂರದಲ್ಲಿ ನಿಂತಿದ್ದಾನೆ, ಮೀಸೆ ಅಲುಗುತ್ತಿದೆ, ಅದರ ಕೆಳಗೆ ತುಟಿಯೇ ಕಾಣುವುದಿಲ್ಲ. ಏನು ಕೇಳಿರಬಹುದು ಅಂತ ಊಹಿಸುವುದು ಕಷ್ಟವಿರಲಿಲ್ಲ. ಶಿವಯೋಗೆಪ್ಪ ನಕ್ಕು, ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದ ಉತ್ತರವನ್ನು ಹೇಳಿದ. ಬಸ್ಸು ಬಂದೈತ್ರಿ, ಆದ್ರ ಅದನ್ನೂ ನೀವ ಕೆಡಸ್ತೀರಿ ಅಂತ ಹತ್ತಿಲ್ಲ.

ಒಳ್ಳೆಯ ಉತ್ತರವೇ. ಆದರೆ ಅವನು ಅದನ್ನು ಶೆಡ್ಡಿನಲ್ಲಿ ಹೇಳಿದ ಹಾಗೆ ಹೇಳಿದ. ತುಟಿ ಆಡಿತು, ದನಿ ಬರಲಿಲ್ಲ. ಮಗ್ಗದವರಿಗಲ್ಲದೆ ಇನ್ನಾರಿಗೂ ಆಗದ ತಪ್ಪು ಅದು. ಎದುರಿನವರು ಅವನ ಬಾಯಿ ನೋಡುತ್ತ ನಿಂತರು. ಯಾರೂ ನಗಲಿಲ್ಲ. ಶಿವಯೋಗೆಪ್ಪನಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ರತ್ನಾಬಾಯಿ ನಡುವೆ ಬಂದಳು.

"ಅವ್ರಿಗೆ ಗಂಟಲಾ ಕುಂತೈತ್ರಿ. ಮಾತಾಡಾಕ ಆಗವಲ್ದು."

ಗಂಗಾಂಬಿಕಾ ಅವಳನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು. "ಹೌದೇನ್ರಿ? ಮುಂಜಾನಿ ಗ್ರೂಪಿನ್ಯಾಗ ಏನೂ ಹೇಳಲೇ ಇಲ್ಲ ಮತ್ತ," ಅಂದರು. ಇಪ್ಪತ್ತು ವರ್ಷ ಮಕ್ಕಳ ನೆಪ ಕೇಳಿದವರಿಗೆ ಸುಳ್ಳು ಬೇಗ ತಿಳಿಯುತ್ತದೆ.

ಬಾಂದಾರಕ್ಕೆ ಹೋಗುವ ಟಂಟಂ ಆಟೋದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಯಾರ ತುಟಿಯನ್ನು ನೋಡಬೇಕು ಅಂತ ತಿಳಿಯದೆ ಶಿವಯೋಗೆಪ್ಪ ಎಲ್ಲದಕ್ಕೂ ತಲೆಯಾಡಿಸಿದ, ಎಲ್ಲದಕ್ಕೂ ನಕ್ಕ. ಒಂದು ಸಲ ನಗಬಾರದ ಕಡೆ ನಕ್ಕಿರಬೇಕು; ಸಂಜು ಮುಖ ತಿರುಗಿಸಿದ. ಮನೆಯಲ್ಲೇ ಇರಬೇಕಿತ್ತು ಅಂತ ಅವನಿಗೆ ಅನ್ನಿಸಿತು. ಹೆಂಡತಿಯ ಮೇಲೆ ಸಿಟ್ಟೂ ಬಂತು, ಆದರೆ ಅವಳು ಪಕ್ಕದ ಹೆಂಗಸರ ಜೊತೆ ನಗುತ್ತಿದ್ದಳು, ಅದನ್ನು ನೋಡಿ ಸಿಟ್ಟು ನಿಲ್ಲಲಿಲ್ಲ.

ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹತ್ತಿರ ತಾಡಪತ್ರಿ ಹಾಸಲು ಜಾಗ ಆರಿಸಿದವನು ಹಾಲಸಿದ್ದಪ್ಪ. ನೋಡಲು ಛಂದ ಅಂತ ನೀರು ಧುಮುಕುವ ಜಾಗಕ್ಕೆ ಆದಷ್ಟು ಸಮೀಪ, ದಂಡೆಯ ಕಲ್ಲುಗಳ ಮೇಲೆಯೇ ಆರಿಸಿದ. ಛಂದವಿತ್ತು, ಸುಳ್ಳಲ್ಲ. ಕೃಷ್ಣೆ ಕೆಂಪಗೆ ತುಂಬಿ ಗೋಡೆಯ ಮೇಲಿನಿಂದ ಉದ್ದಕ್ಕೂ ಬೀಳುತ್ತಿದ್ದಳು. ಬುತ್ತಿಗಳು ಬಿಚ್ಚಿದವು. ಶಿವಯೋಗೆಪ್ಪ ಎಲ್ಲರಿಗಿಂತ ಆಚೆ, ಒಂದು ಕಲ್ಲಿನ ಮೇಲೆ ರೊಟ್ಟಿ ಹಿಡಿದು ಕೂತ. ಆರು ವರ್ಷದ ಹಿಂದೆ ಬಸ್ಸಿನ ಮಗ್ಗುಲಲ್ಲಿ ಕೂತದ್ದೂ ಹೀಗೇ.

ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಒಂದು ವಿಚಿತ್ರ ಕಂಡಿತು. ಎಲ್ಲರೂ ಕಿವಿಗೆ ಕೈ ಹಚ್ಚುತ್ತಿದ್ದಾರೆ. ಹಾಲಸಿದ್ದಪ್ಪನ ಕುತ್ತಿಗೆಯ ನರ ಉಬ್ಬಿದೆ, ಎದುರಿನ ಸಂಜು ಏನು ಏನು ಅಂತ ಕೈ ತಿರುವುತ್ತಿದ್ದಾನೆ. ಗಂಗಾಂಬಿಕಾ ರೊಟ್ಟಿಗೆ ಹಿಂಡಿ ಬೇಕು ಅಂತ ಮೂರು ಸಲ ಕೇಳಿದರು, ಮೂರನೆಯ ಸಲ ಅವರಿಗೆ ಉಂಡಿ ಕೊಟ್ಟರು. ನೀರಿನ ಸದ್ದಿನಲ್ಲಿ ಯಾರಿಗೂ ಯಾರದ್ದೂ ಕೇಳುತ್ತಿಲ್ಲ. ಶಿವಯೋಗೆಪ್ಪನಿಗೆ ಮಾತ್ರ ಶೆಡ್ಡಿನಲ್ಲಿ ಕೂತ ಹಾಗೆ ಎಲ್ಲವೂ ಸ್ಪಷ್ಟವಾಗಿತ್ತು. ಮುಖಗಳೆಲ್ಲ ಅವನ ಕಡೆಗೇ ಇದ್ದವು, ಬಿಸಿಲು ತುಟಿಗಳ ಮೇಲೆ ಬೀಳುತ್ತಿತ್ತು.

ಆಗ ಗಂಗಾಂಬಿಕಾ ಸಂಜುವಿನ ಕಿವಿಯ ಹತ್ತಿರ ಬಾಗಿ ಹೇಳಿದ್ದನ್ನು ಅವನು ನೋಡಿದ. "ಗ್ರೂಪಿನ್ಯಾಗ ಬರಿಯಾವ್ರು ಇವ್ರಲ್ಲ ಬಿಡೋ ಸಂಜು. ಇವ್ರಿಗೆ ಒಂದ ಮಾತು ಆಡಾಕ ಬರವಲ್ದು. ಎಲ್ಲಾ ಆಕಿನ ಬರದು ಕೊಡತಾಳ. ಹೆಂಡ್ತಿ ಶ್ಯಾಣ್ಯಾಕಿ, ಹೆಸರು ಗಂಡಂದು."

ಸಂಜು ತಲೆಯಾಡಿಸಿದ. "ನನಗೂ ಹಂಗ ಅನಸ್ತ್ರಿ ಅಕ್ಕೋರ."

ಶಿವಯೋಗೆಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಕಲ್ಲಿನ ಮೇಲಿಟ್ಟ. ಕಿವುಡ ಅಂದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಇರುವುದು ಅದೊಂದು, ತನ್ನದು ಅಂತ ಹೇಳಿಕೊಳ್ಳುವ ಮಾತು, ಅದೂ ತನ್ನದಲ್ಲ ಅನ್ನಿಸಿಕೊಂಡು ಬದುಕುವುದು ಹೇಗೆ? ಕಿವಿಯ ಸುದ್ದಿ ಬಚ್ಚಿಟ್ಟುಕೊಂಡರೆ ಆ ಮಾತು ಹೋಗುತ್ತದೆ, ಹೇಳಿಬಿಟ್ಟರೆ ಗೆಳೆಯರ ಸಲಿಗೆ ಹೋಗುತ್ತದೆ. ಅವನು ಫೋನು ತೆಗೆದು ಗುಂಪಿನಲ್ಲಿ ಬರೆಯತೊಡಗಿದ.

ಹನ್ನೊಂದು ಫೋನುಗಳು ಹನ್ನೊಂದು ಕಿಸೆ, ಚೀಲಗಳಲ್ಲಿ ನಡುಗಿದವು. ಎಲ್ಲರೂ ತೆಗೆದು ನೋಡಿದರು.

"ಅಕ್ಕೋರ, ಬರದು ಕೊಡಾವ್ರು ಯಾರೂ ಇಲ್ಲ. ಬರಿಯಾಂವ ನಾನ. ಕೇಳಿ ಹೇಳಾಕಿ ಮಾತ್ರ ಆಕಿ. ನನಗ ಕಿವಿ ಕೇಳೂದಿಲ್ರಿ. ನೀವು ಈಗ ಸಂಜುಗ ಅಂದದ್ದು ತುಟಿ ನೋಡಿ ತಿಳದೆ, ಮಗ್ಗದಾವ್ರಿಗೆ ಅದು ರೂಢಿ. ಹಾಲಸಿದ್ದಪ್ಪನವ್ರ ದನಿ ಆರು ವರ್ಷದಾಗ ಒಮ್ಮೆನೂ ನಾ ಕೇಳಿಲ್ಲ, ರತ್ನಾ ಕೇಳಿ ಹೇಳ್ಯಾಳ. ಉತ್ತರಾ ತಡಾ ಆಗೂದು ಅದಕ್ಕ. ಗಂಟಲಾ ಕುಂತದ್ದು ಸುಳ್ಳು. ಸಿಟ್ಟಾಗಬ್ಯಾಡ್ರಿ."

ಗಂಗಾಂಬಿಕಾ ಓದಿ ಮುಗಿಸಿ ತಲೆ ಎತ್ತಲಿಲ್ಲ. ಸಂಜು ಎತ್ತಿದ. ಇಪ್ಪತ್ತು ಹೆಜ್ಜೆ ದೂರದಿಂದ ಅವನು ಶಿವಯೋಗೆಪ್ಪನ ಕಡೆ ನೋಡುತ್ತ ತುಟಿ ಮಾತ್ರ ಆಡಿಸಿದ. ಫೋನುಗಳು ಮತ್ತೆ ನಡುಗಿದವು.

"ರಾಣಿಗೆ ಎರಡು ರೊಟ್ಟಿ ಒಯ್ಯಬೇಕು ಅಂದಿ. ಅಂತೂ ಅದಕ್ಕ ಊಟಾ ಹಾಕಾಕ ಮನಸ ಮಾಡಿದಿ, ಛಲೋ ಆತು."

ಸಂಜು ಕೂಗಿಯೇ ಬಿಟ್ಟ, ಯಾರಿಗೂ ಕೇಳಲಿಲ್ಲ. ಆಮೇಲೆ ಅದೇ ಆಟವಾಯಿತು. ಒಬ್ಬೊಬ್ಬರೇ ದೂರ ದೂರ ಹೋಗಿ ನಿಂತು ತುಟಿ ಆಡಿಸುವುದು, ಇವನು ಅದನ್ನು ಗುಂಪಿನಲ್ಲಿ ಬರೆಯುವುದು, ಎಲ್ಲರೂ ಫೋನು ನೋಡಿ ನಗುವುದು. ನಡುವೆ ಗಂಗಾಂಬಿಕಾ ಎದ್ದು ಬಂದು ಅವನ ಎದುರಿನ ಕಲ್ಲಿನ ಮೇಲೆ ಕೂತರು. "ತಪ್ಪಾತ್ರಿ ಅಣ್ಣಾರ," ಅಂದರು, ಮಕ್ಕಳಿಗೆ ಪಾಠ ಹೇಳುವಷ್ಟು ನಿಧಾನವಾಗಿ. ಕಣ್ಣಲ್ಲಿ ನೀರಿತ್ತು. ಅತ್ತ ಹಾಲಸಿದ್ದಪ್ಪ ರತ್ನಾಬಾಯಿಯ ಹತ್ತಿರ ಹೋಗಿ ಏನೋ ಕೇಳಿದ. ಅವಳು ಕೊಟ್ಟ ಉತ್ತರ ಶಿವಯೋಗೆಪ್ಪನಿಗೆ ಕಂಡಿತು. "ಹೌದ್ರಿ, ನಿಮ್ಮ ಮನಿಯಾವ್ರ ಬಗ್ಗೆ ನೀವು ಅಂದದ್ದೆಲ್ಲಾ ಕೇಳೇನಿ. ಎರಡೆರಡ ಸಲ ಕೇಳೇನಿ." ಹಾಲಸಿದ್ದಪ್ಪ ಹಣೆ ಹಣೆ ಬಡಿದುಕೊಂಡ.

ಕಡೆಗೆ ಹಾಲಸಿದ್ದಪ್ಪನ ಸರದಿ. ಅವನು ಹೆಚ್ಚು ದೂರ ಹೋಗಲಿಲ್ಲ, ಎದುರಿಗೇ ಬಂದು ನಿಂತು ಬಹಳ ಹೊತ್ತು ಮಾತಾಡಿದ. ಶಿವಯೋಗೆಪ್ಪ ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ, ಎದ್ದು ಹತ್ತಿರ ಹೋಗಿ ನೋಡಿದ. ಆಮೇಲೆ ಬರೆದ: "ನಿಮ್ಮ ಮಾತ ಗೊತ್ತಾಗವಲ್ದ್ರಿ. ಮೀಸಿ ಅಡ್ಡ ಬರತೈತಿ."

ಎಲ್ಲರೂ ನಕ್ಕರು. ಹಾಲಸಿದ್ದಪ್ಪ ನಗಲಿಲ್ಲ. ಮೀಸೆಯ ಮೇಲೆ ಕೈ ಆಡಿಸಿಕೊಂಡು ಸುಮ್ಮನೆ ಕೂತ. ಬೇಜಾರಾಗಿರಬೇಕು ಅಂತ ಶಿವಯೋಗೆಪ್ಪ ಅಂದುಕೊಂಡ.

ಸೋಮವಾರ ಮುಂಜಾನೆ ಗುಂಪಿನಲ್ಲಿ ಬಸ್ಸಿನ ಸುದ್ದಿ ಯಾರೂ ಕೇಳಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ. ಗಂಗಾಂಬಿಕಾ ಕಿವಿಯ ಯಾವುದೋ ಹೊಸ ಮಶೀನಿನ ಮಾಹಿತಿ ಕಳಿಸಿದರು. ಯಾರೋ ಆರೋಗ್ಯ ನೋಡ್ಕೋರಿ ಅಂತ ಬರೆದು ಕೈ ಮುಗಿದರು. ಶಿವಯೋಗೆಪ್ಪ ರಾಣಿಯ ಹೊಸ ಫೋಟೊಕ್ಕೆ ಒಂದು ಕೊಂಕು ಬರೆದರೆ ಸಂಜು "ಆತ್ರಿ ಕಾಕಾ" ಅಂತಷ್ಟೇ ಬರೆದ. ಮಂಗಳವಾರವೂ ಹಾಗೇ ಹೋಯಿತು. ಹಾಲಸಿದ್ದಪ್ಪನದು ಒಂದು ದನಿಯೂ ಇಲ್ಲ.

"ನೋಡಿದೇನು? ಪಾಪ ಅನ್ನಾಕತ್ರು," ಅಂದ ಶಿವಯೋಗೆಪ್ಪ. "ಹೋತು ಅದು."

ರತ್ನಾಬಾಯಿ ತಾಟು ಎತ್ತಿಟ್ಟಳು. ತನ್ನದೇ ತಪ್ಪು ಅಂತ ಅವಳಿಗೂ ಅನ್ನಿಸಿತ್ತು. ಆ ಎರಡು ದಿನ ಅವನು ಉಂಡದ್ದು ಅರ್ಧ ಹೊಟ್ಟೆ.

ಬುಧವಾರ ಮಧ್ಯಾಹ್ನ ಅವಳು ಬುತ್ತಿ ತಂದಾಗ ಮಗ್ಗಗಳೆಲ್ಲ ಓಡುತ್ತಿದ್ದವು. ಅವನು ಕೈ ಒರೆಸಿಕೊಳ್ಳುವಾಗ ಕಿಸೆಯಲ್ಲಿ ಫೋನು ನಡುಗಿತು. ಹಾಲಸಿದ್ದಪ್ಪನಿಂದ. ರತ್ನಾಬಾಯಿ ರೂಢಿಯಂತೆ ಫೋನಿಗೆ ಕೈ ಚಾಚಿದಳು, ಹೊರಗೆ ಹೋಗಿ ಕೇಳಿ ಬರೋಣ ಅಂತ. ಬಂದಿದ್ದದ್ದು ದನಿಯಲ್ಲ, ವಿಡಿಯೋ. ಪರದೆಯ ತುಂಬ ಒಂದು ಮುಖ. ಯಾರದೆಂದು ಇಬ್ಬರಿಗೂ ಒಂದು ಗಳಿಗೆ ತಿಳಿಯಲಿಲ್ಲ. ಮೂಗಿನ ಕೆಳಗೆ ಮೂವತ್ತು ವರ್ಷ ಬಿಸಿಲು ಕಾಣದ ಬಿಳಿ ಚರ್ಮ, ಅದರ ಕೆಳಗೆ ಎರಡು ತುಟಿ. ತುಟಿಗಳು ನಿಧಾನವಾಗಿ ಆಡಿದವು.

"ಬಸ್ಸು ಬಂತೇನ್ರಿ, ಶಿವಯೋಗೆಪ್ಪಾ? ನಿಮ್ಮ ಸಲುವಾಗಿ, ಹಜಾಮತಿ ಮಾಡಸಬಾರದ ಶ್ರಾವಣದಾಗ ಮೀಸಿ ತಗಸೇನಿ. ನಮ್ಮಾಕಿ ನನ್ನ ಮನಿ ಒಳಗ ಬಿಡವಲ್ಲಳು, ಯಾರ್ರಿ ನೀವು ಅಂತಾಳ. ಎರಡು ದಿನದಿಂದ ದನದ ಕೊಟಗಿಯಾಗ ಮಲಗೇನಿ. ಇನ್ನ ಮ್ಯಾಲ ಉತ್ತರಾ ತಡಾ ಆತಂದ್ರ ಕಿವಿ ನೆವಾ ಹೇಳಬ್ಯಾಡ್ರಿ, ಬನಹಟ್ಟಿಗೆ ಬಂದು ಬೆರಳ ಮುರೀತೇನಿ ನೋಡ್ರಿ ಮತ್ತ!"

ಶಿವಯೋಗೆಪ್ಪ ನಕ್ಕ. ಮಗ್ಗಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ಆಚೆಯ ಮಗ್ಗದವರು ತಿರುಗಿ ನೋಡುವಷ್ಟು ನಕ್ಕ. ಕಣ್ಣು ಒದ್ದೆಯಾಯಿತು. ರತ್ನಾಬಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು, ತೆಗೆದು ನೋಡಿದಳು, ಮತ್ತೆ ಒತ್ತಿದಳು. ಇಪ್ಪತ್ನಾಲ್ಕು ಮಗ್ಗದ ಸದ್ದಿನಲ್ಲಿ ಅವಳಿಗೆ ಏನೂ ಕೇಳಲಿಲ್ಲ, ಗಂಡನದಲ್ಲದೆ ಇನ್ನೊಬ್ಬರ ತುಟಿ ಓದಿ ರೂಢಿಯೂ ಇಲ್ಲ. ಅವನ ತೋಳು ಹಿಡಿದು ಎಳೆದಳು.

"ಏನಂದ್ರು?" ಅಂತ ತುಟಿಯಲ್ಲೇ ಕೇಳಿದಳು.

ಆರು ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಲ್ಲಿಯ ತನಕ ಕೇಳುತ್ತಿದ್ದವನು ಅವನು.

"ತಡಿ, ಹೇಳತೇನಿ," ಅಂದ ಶಿವಯೋಗೆಪ್ಪ. ಅವಳನ್ನು ನೂಲಿನ ಚೀಲದ ಮೇಲೆ ಕೂರಿಸಿ, ಎದುರು ಕೂತು, ಮೊದಲಿನಿಂದ ಕಡೆಯ ತನಕ ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿದ. ಅವಳು ನಗುವ ತನಕ ಕಾದ. ಆಮೇಲೆ ಫೋನು ತೆಗೆದುಕೊಂಡು ಗುಂಪಿಗೆ ಉತ್ತರ ಬರೆದ.

"ಬಂತ್ರಿ."